ಊರ ಬಾಗಿಲಿನ ಶಿಲ್ಪ: ಕೋಲಾರಕ್ಕೊಂದು ಸ್ವಾಗತ ಶಿಲ್ಪ ರೂಪಿಸುವ ಬಗೆ

ಊರಿಗೆ ಬರುವವರನ್ನು ಎದುರುಗೊಳ್ಳುವ ಶಿಲ್ಪವನ್ನು ಯೋಜಿಸುವವರು ಮೊದಲು ಚಿತ್ರ ಬರೆಯಲು ಕೂರದೆ, ಅದು ನಿಲ್ಲಬೇಕಾದ ಜಾಗಕ್ಕೆ ಬೆಳಿಗ್ಗೆ, ಸಂಜೆ, ರಾತ್ರಿ ಮೂರು ಹೊತ್ತೂ ಹೋಗಿ, ಬರುವವರ ದಿಕ್ಕಿನಿಂದಲೇ ನೋಡಬೇಕು. ಬೆಂಗಳೂರಿನ ಕಡೆಯಿಂದ ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಬಸ್ಸು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. 100 ಮೀಟರ್ ದೂರದಿಂದ ಶಿಲ್ಪ ಕಂಡರೂ ಪ್ರಯಾಣಿಕರಿಗೆ ಸಿಗುವುದು ಆರೇ ಸೆಕೆಂಡು. ಅಷ್ಟರಲ್ಲಿ ಕಣ್ಣಿಗೆ ದಕ್ಕುವುದು ಆಕೃತಿಯ ಹೊರಗೆರೆಯೇ ಹೊರತು ಕೆತ್ತನೆಯ ಕುಸುರಿಯಲ್ಲ.

ವಸ್ತುವಿನ ಆಯ್ಕೆಯಲ್ಲಿ ಆಸೆಗೆ ಕಡಿವಾಣ ಬೇಕು. ರೇಷ್ಮೆ, ಹಾಲು, ಟೊಮೆಟೊ, ಮಾವು ಎಲ್ಲವನ್ನೂ ಒಂದೇ ಪೀಠದ ಮೇಲೆ ಪೇರಿಸಿದರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. 2001ರಲ್ಲಿ ಮುಚ್ಚಿದ ಚಿನ್ನದ ಗಣಿಯ ನೆನಪು ದೊಡ್ಡದೇ ಆದರೂ ಅದು ಕೆಜಿಎಫ್ ಪಟ್ಟಣದ ಬಾಗಿಲಿಗೆ ಸಲ್ಲಬೇಕಾದದ್ದು. ಕೋಲಾರ ನಗರಕ್ಕೆ ನಾನು ಸೂಚಿಸುವುದು ಅಂತರಗಂಗೆಯನ್ನು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ, ಬೆಟ್ಟದ ಮೇಲಿನ ಕಲ್ಲಿನ ಬಸವನ ಬಾಯಿಂದ ಬೀಳುವ ನೀರಿಗಿಂತ ಹತ್ತಿರದ ಗುರುತು ಬೇರೆ ಇರಲಾರದು. ಆದರೆ ಬಸವನ ಪೂರ್ಣರೂಪವನ್ನು ನಿಲ್ಲಿಸಿದರೆ ಅರಿಸಿನ ಕುಂಕುಮ ಹಚ್ಚಲು ಜನ ಹೆದ್ದಾರಿ ದಾಟತೊಡಗುತ್ತಾರೆ. ಆದ್ದರಿಂದ ಮೆಟ್ಟಿಲು ಮೆಟ್ಟಿಲಾದ ಕಲ್ಯಾಣಿಯನ್ನೂ ಬೀಳುವ ನೀರಿನ ಬಾಗನ್ನೂ ಮಾತ್ರ ಕಲ್ಲಿನಲ್ಲಿ ಮೂಡಿಸುವುದು ಮೇಲು. ಪಂಪು ಕೆಟ್ಟಾಗ ಒಣಗಿ ನಿಲ್ಲುವ ಕಾರಂಜಿ ಬೇಡ, ಮಳೆ ಬಂದಾಗ ಆ ಮೆಟ್ಟಿಲುಗಳ ಮೇಲೆ ನೀರು ತಾನಾಗಿ ಇಳಿದರೆ ಸಾಕು.

ಸಾರ್ವಜನಿಕ ರಸ್ತೆ ಮತ್ತು ಪಾದಚಾರಿ ಮಾರ್ಗಗಳಲ್ಲಿ ಪ್ರತಿಮೆಗಳಿಗೆ ಅನುಮತಿ ನೀಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶಿಸಿದೆ. ರಸ್ತೆಗಳ ಸೌಂದರ್ಯೀಕರಣಕ್ಕೆ ಅದರಲ್ಲಿ ವಿನಾಯಿತಿ ಇದೆಯಾದರೂ, ರಸ್ತೆ ವಿಭಜಕವನ್ನು ಬಿಟ್ಟು ಪಕ್ಕದ ಉದ್ಯಾನವನ್ನು ಆರಿಸಿ, ನಗರಾಡಳಿತದಿಂದಲೂ ಹೆದ್ದಾರಿ ಪ್ರಾಧಿಕಾರದಿಂದಲೂ ಲಿಖಿತ ಒಪ್ಪಿಗೆ ಪಡೆಯಬೇಕು.

ಕಲ್ಲು ಕೆತ್ತುವ ಕೈಗಳನ್ನು ದೂರ ಹುಡುಕಬೇಕಿಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರೇ ಆಗಿದೆ. ಅವರನ್ನು ನಕ್ಷೆ ಮುಗಿದ ಮೇಲೆ ಕರೆಯದೆ ಮೊದಲ ಸಭೆಯಿಂದಲೇ ಜೊತೆಗಿಟ್ಟುಕೊಳ್ಳಬೇಕು, ಏಕೆಂದರೆ ಯಾವ ಬಂಡೆ ಎಲ್ಲಿ ಸೀಳುತ್ತದೆ ಎಂಬುದು ಉಳಿ ಹಿಡಿದವರಿಗೇ ಗೊತ್ತು. ಗ್ರಾನೈಟ್ ಘನ ಮೀಟರಿಗೆ ಸುಮಾರು 2.7 ಟನ್ ತೂಗುವುದರಿಂದ, ಒಂದು ಮೀಟರ್ ಚೌಕದ, ಮೂರು ಮೀಟರ್ ಎತ್ತರದ ಕಂಬವೇ ಎಂಟು ಟನ್ ಆಗುತ್ತದೆ. ಮಣ್ಣಿನ ಪರೀಕ್ಷೆ ಮಾಡಿಸಿ, ಸ್ಟ್ರಕ್ಚರಲ್ ಎಂಜಿನಿಯರರಿಂದ ಪಾಯದ ಲೆಕ್ಕ ಹಾಕಿಸುವುದು ಕಡ್ಡಾಯ. ಬಿಡಿ ಕಲ್ಲುಗಳ ಬೆಸುಗೆಗೆ ಸ್ಟೇನ್‌ಲೆಸ್ ಸ್ಟೀಲ್ ಸರಳುಗಳನ್ನೇ ಬಳಸಬೇಕು. ಸಾಮಾನ್ಯ ಕಬ್ಬಿಣವು ತುಕ್ಕು ಹಿಡಿದು ಉಬ್ಬಿ, ಒಳಗಿನಿಂದಲೇ ಕಲ್ಲನ್ನು ಸೀಳುತ್ತದೆ.

ಕೆತ್ತನೆಗೆ ಮುನ್ನ ಬಿದಿರು ಮತ್ತು ಬಟ್ಟೆಯಿಂದ ನಿಜಗಾತ್ರದ ಆಕೃತಿಯೊಂದನ್ನು ಕಟ್ಟಿ, ವಾರ ಕಾಲ ಅಲ್ಲೇ ನಿಲ್ಲಿಸಿ, ಬಸ್ಸಿನ ಕಿಟಕಿಯಿಂದ ನೋಡಿ ತಿದ್ದಬೇಕು. ‘ಕೋಲಾರ’ ಎಂಬ ಅಕ್ಷರಗಳು ಸುಮಾರು 30 ಸೆಂ.ಮೀ. ಎತ್ತರವಿದ್ದರೆ 100 ಮೀಟರ್ ದೂರದಿಂದ ಓದಬಹುದು. ದೀಪಗಳು ಚಾಲಕರ ಕಣ್ಣಿಗೆ ಹೊಡೆಯಬಾರದು, ಕಲ್ಲಿಗೆ ಎಣ್ಣೆಬಣ್ಣ ಬಳಿಯಲೇಬಾರದು. ಹೊಯ್ಸಳರ ಕಾಲದ ಮಲ್ಲಿತಮ್ಮ ತನ್ನ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದಂತೆ, ಇಲ್ಲಿಯೂ ಪೀಠದ ಮೇಲೆ ಕೆತ್ತಿದವರ ಹೆಸರಿಗೆ ಜಾಗವನ್ನು ನಕ್ಷೆಯಲ್ಲೇ ಗುರುತಿಸಿಡಬೇಕು.