ಗದ್ದೆ ಬದುವಿನಲ್ಲಿ ಬಿಸಿಲಿನ ಜಾಡು ಹಿಡಿಯುವುದು ಹೇಗೆ?

ಬಿಸಿಲು ಪೈರಾಗಿ, ಪೈರು ಮಿಡತೆಯಾಗಿ, ಮಿಡತೆ ಕಪ್ಪೆಯಾಗುವುದನ್ನು ನೋಡಲು ಕಾಡಿಗೇ ಹೋಗಬೇಕಿಲ್ಲ. ಭತ್ತದ ಗದ್ದೆ ಸಾಕು. ಮಕ್ಕಳನ್ನೂ ಕರೆದುಕೊಂಡು ಹೋಗಿ. ನೋಟ್‌ಬುಕ್, ಪೆನ್ಸಿಲ್ ಮರೆಯಬೇಡಿ.

ಮೊದಲು, ಬೆಳಗ್ಗೆ ಬದುವಿನ ಮೇಲೆ ಅರ್ಧ ಗಂಟೆ ಸುಮ್ನೆ ಕೂತುಕೊಳ್ಳಿ. ಗರಿಯ ಅಂಚು ಕಚ್ಚಿದ ಹಾಗಿದ್ದರೆ ಅಲ್ಲೇ ಎಲ್ಲೋ ಮಿಡತೆ ಇದೆ. ನೀರಂಚಿನಲ್ಲಿ ಕಪ್ಪೆ ಹೊಂಚು ಹಾಕಿರುತ್ತದೆ. ಕಪ್ಪೆಗಾಗಿ ಕೇರೆ ಹಾವು ಬರುತ್ತದೆ, ಅದನ್ನು ದೂರದಿಂದಲೇ ನೋಡಿ. ಮೇಲೆ ಹದ್ದು.

ಎರಡನೆಯದು, ಬಾಣ ಎಳೆಯುವುದು. ತುಂಬ ಜನ ತಪ್ಪುವುದು ಇಲ್ಲೇ. ಕಪ್ಪೆ ಮಿಡತೆಯ ಮೇಲೆ ಹಾರುವುದು ಕಣ್ಣಿಗೆ ಕಾಣುತ್ತದಲ್ವಾ, ಬಾಣವನ್ನೂ ಆ ಕಡೆಗೇ ಎಳೆದುಬಿಡುತ್ತೇವೆ. ಆದರೆ ನಾವು ಬರೆಯುತ್ತಿರುವುದು ಶಕ್ತಿ ಹೋಗುವ ದಾರಿ. ಹಾಗಾಗಿ ಬಾಣದ ಮೊನೆ ತಿನ್ನುವವರ ಕಡೆಗಿರಬೇಕು.

ಮೂರನೆಯದಕ್ಕೆ ಒಂದು ಲೀಟರ್ ನೀರು, ಕೆಮ್ಮಿನ ಸಿರಪ್‌ನ ಅಳತೆ ಮುಚ್ಚಳ ಬೇಕು. ಗದ್ದೆಗೆ ಬಿದ್ದ ಬಿಸಿಲಿನಲ್ಲಿ ಪೈರು ಹಿಡಿದಿಡುವುದು ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲು. ಆ ಒಂದು ಪಾಲೇ ಈ ಲೀಟರ್ ಎಂದುಕೊಳ್ಳಿ. ಮಿಡತೆಗಳ ಲೋಟಕ್ಕೆ 100 ಮಿಲಿ ಹಾಕಿ. ಕಪ್ಪೆಗಳಿಗೆ 10 ಮಿಲಿ. ಹಾವಿಗೆ 1 ಮಿಲಿ, ಅಂದರೆ ಇಪ್ಪತ್ತು ಹನಿ. ಹದ್ದಿಗೆ ಉಳಿದದ್ದು ಎರಡೇ ಹನಿ! ಗದ್ದೆ ತುಂಬ ಕಪ್ಪೆ ವಟಗುಟ್ಟಿದರೂ ಆಕಾಶದಲ್ಲಿ ಹದ್ದು ಒಂದೋ ಎರಡೋ ಕಾಣುವುದು ಇದಕ್ಕೇ.

ಹತ್ತರಲ್ಲಿ ಒಂದು ಪಾಲು ಎನ್ನುವುದು ಅಂದಾಜು ಲೆಕ್ಕ. ಬೆಳ್ಳಕ್ಕಿ ತಿಂದದ್ದರಲ್ಲಿ ಬಹುಪಾಲು ಮೈ ಬಿಸಿ ಇಟ್ಟುಕೊಳ್ಳುವುದಕ್ಕೇ ಖರ್ಚಾಗುತ್ತದೆ, ಕಪ್ಪೆಗೆ ಆ ಖರ್ಚಿಲ್ಲ. ಒಬ್ಬರಿಂದ ಒಬ್ಬರಿಗೆ ಎಷ್ಟು ಶಕ್ತಿ ದಾಟುತ್ತದೆ ಎಂದು ಅಮೆರಿಕದ ಮಿನ್ನೆಸೋಟದ ಒಂದು ಪುಟ್ಟ ಕೆರೆಯಲ್ಲಿ ಲೆಕ್ಕ ಹಾಕಿದವರು ರೇಮಂಡ್ ಲಿಂಡೆಮನ್. ಅವರ ಪ್ರಬಂಧ ಅಚ್ಚಾದದ್ದು 1942ರಲ್ಲಿ. ಅದನ್ನು ನೋಡಲು ಅವರೇ ಇರಲಿಲ್ಲ, 26ನೇ ವಯಸ್ಸಿಗೇ ತೀರಿಕೊಂಡಿದ್ದರು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಾಗಾದರೆ ಮಿಕ್ಕಿದ್ದು ಎಲ್ಲಿ ಹೋಯಿತು? ಒಂದಷ್ಟು ಓಡಾಟ, ಉಸಿರಾಟದಲ್ಲಿ ಬಿಸಿಯಾಗಿ ಹೋಯಿತು. ಯಾರೂ ತಿನ್ನದೆ ಉಳಿದ ಹುಲ್ಲು, ಹಿಕ್ಕೆ, ಸತ್ತ ಮೈ ಸೂಕ್ಷ್ಮಜೀವಿಗಳ ಪಾಲಾಯಿತು. ಅದನ್ನು ಮುಟ್ಟಿಯೇ ನೋಡಬಹುದು. ಹಿತ್ತಲಿನ ತಿಪ್ಪೆಗೆ ಹೋಗಿ. ಹಸಿ ಸಗಣಿ, ಸೊಪ್ಪು ಹಾಕಿ ನಾಲ್ಕೈದು ದಿನವಾದ ಗುಡ್ಡೆಯಾದರೆ ಒಳ್ಳೆಯದು. ಕಬ್ಬಿಣದ ಸರಳು ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆಯಿರಿ. ತುದಿಯನ್ನು ಮೆಲ್ಲಗೆ ಮುಟ್ಟಿ, ಗುಡ್ಡೆಯ ಒಳಗೆ 50 ಡಿಗ್ರಿ ದಾಟುವುದೂ ಉಂಟು. ಕೆಲವು ತಿಂಗಳ ಹಿಂದೆ ಎಲೆ ಹಿಡಿದಿಟ್ಟ ಬಿಸಿಲು ಈಗ ನಿಮ್ಮ ಬೆರಳಿಗೆ ತಾಕಿತು.

ಕೊನೆಗೆ ನೋಟ್‌ಬುಕ್ ತೆಗೆಯಿರಿ. ಪೈರು, ಮಿಡತೆ, ಕಪ್ಪೆ, ಹಾವು, ಹದ್ದು, ಎಲ್ಲರಿಂದಲೂ ತಿಪ್ಪೆಗೆ ಒಂದೊಂದು ಬಾಣ ಎಳೆಯಿರಿ. ತಿಪ್ಪೆಯಿಂದ ಗದ್ದೆಗೂ ಒಂದು ಗೆರೆ ಇರಲಿ, ಅದನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ಅದು ಗೊಬ್ಬರದ ಸಾರ ಹೋಗುವ ದಾರಿ, ಶಕ್ತಿಯದ್ದಲ್ಲ. ಆಮೇಲೆ ತಿಪ್ಪೆಯೂ ಸೇರಿ ಪ್ರತಿಯೊಬ್ಬರಿಂದ ಗಾಳಿಗೆ ಒಂದೊಂದು ಬಾಣ. ಅದು ಬಿಸಿ. ಆ ಬಾಣ ಯಾರ ಕಡೆಗೂ ತಿರುಗಿ ಬರಬಾರದು.