ಸ್ಕೂಲಲ್ಲಿ ಗೇಮ್ ಮಾಡ್ತಿದ್ದೀರಾ? ಪ್ರತಿ ಪೀರಿಯಡ್ ಮುಗಿದಾಗಲೂ ಆಡೋಕೆ ಬರುವಂತಿರಲಿ

ಮಳೆಗಾಲ ಶುರುವಾದರೆ ಕೊಡಗಿನಲ್ಲಿ ಕರೆಂಟು, ನೆಟ್ಟು ಎರಡನ್ನೂ ನಂಬೋ ಹಾಗಿಲ್ಲ. ಹಾಗಾಗಿ ಮೊದಲು ಸ್ಕ್ರ್ಯಾಚ್‌ನ (ಬಣ್ಣದ ಬ್ಲಾಕ್‌ಗಳನ್ನು ಜೋಡಿಸಿ ಕೋಡ್ ಬರೆಯೋ ಪ್ರೋಗ್ರಾಂ) ಆಫ್‌ಲೈನ್ ಆ್ಯಪ್ ಅನ್ನು ಲ್ಯಾಬ್ ಕಂಪ್ಯೂಟರಿಗೆ ಹಾಕಿಸಿಕೊಳ್ಳಿ. ಅದು ಉಚಿತ, ಒಮ್ಮೆ ಇನ್‌ಸ್ಟಾಲ್ ಆದರೆ ನೆಟ್ ಇಲ್ಲದೆಯೂ ನಡೆಯುತ್ತದೆ.

ಆಟ ಚಿಕ್ಕದಿರಲಿ. ಕಾಫಿ ತೋಟಕ್ಕೆ ಆನೆ ಬಂದಿದೆ, ನೀವು ಹಣ್ಣು ಕೊಯ್ಯುತ್ತಾ ಅದರ ಕೈಗೆ ಸಿಗದೆ ಮನೆ ಸೇರಬೇಕು, ಅಷ್ಟೇ. ಆನೆಗೆ ಗುಂಡು ಹೊಡೆಯೋ ಆಟ ದಯವಿಟ್ಟು ಬೇಡ. ಸದ್ದಿಲ್ಲದೆ ದೂರ ಸರಿಯೋದು ಇಲ್ಲಿನ ಮಕ್ಕಳಿಗೆ ಚೆನ್ನಾಗಿ ಗೊತ್ತು, ಆಟಕ್ಕೂ ಅದೇ ಜಾಸ್ತಿ ರೋಚಕ.

ಚಿತ್ರ ಬಿಡಿಸುತ್ತಾ ಕೂರಬೇಡಿ. ತುಂಬಾ ಮಕ್ಕಳು ಮೆನು, ಹೆಸರು, ಹತ್ತು ಲೆವೆಲ್ ಅಂತ ಶುರು ಮಾಡುತ್ತಾರೆ, ಟರ್ಮ್ ಮುಗಿದರೂ ಆಡೋಕೆ ಏನೂ ಇರಲ್ಲ. ಮೊದಲ ದಿನ ಒಂದು ಚೌಕ ಬಾಣದ ಕೀಗಳಿಗೆ ಓಡಾಡಿದರೆ ಸಾಕು. ಮುಂದಿನ ಸಲ ಇನ್ನೊಂದು ಚೌಕ ಅದನ್ನು ಅಟ್ಟಿಸಿಕೊಂಡು ಬರಲಿ, ಮುಟ್ಟಿದರೆ ಆಟ ಮುಗಿಯಲಿ. ಆನೆಯ ಸೊಂಡಿಲು ಆಮೇಲೆ ಬರೆಯಬಹುದು. ಸ್ಕ್ರ್ಯಾಚ್‌ನ ಸ್ಟೇಜ್, ಅಂದರೆ ಆಟ ಕಾಣೋ ಜಾಗ, 480 ಅಗಲ, 360 ಎತ್ತರ, ನಡುವೆ ಸೊನ್ನೆ. ಇದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ಯಾವುದು ಎಲ್ಲಿದೆ ಅನ್ನೋ ಗೊಂದಲ ಇರಲ್ಲ.

ಮಳೆ ಬೇಕೇ ಬೇಕು ಅಲ್ವಾ? ಒಂದು ಹನಿ ಬರೆದು ಅದರ ಕ್ಲೋನ್, ಅಂದರೆ ನಕಲು, ಮಾಡುತ್ತಾ ಹೋಗಿ. ಆದರೆ ಇಲ್ಲೊಂದು ತೊಡಕಿದೆ. ಸ್ಕ್ರ್ಯಾಚ್‌ನಲ್ಲಿ ಒಂದು ಹೊತ್ತಿಗೆ 300 ಕ್ಲೋನ್‌ಗಿಂತ ಹೆಚ್ಚು ಇರೋಕಾಗಲ್ಲ. ಸೆಕೆಂಡಿಗೆ ಹತ್ತು ಹನಿ ಬಿಟ್ಟು ಯಾವುದನ್ನೂ ಅಳಿಸದಿದ್ದರೆ ಅರ್ಧ ನಿಮಿಷದಲ್ಲಿ ಮಳೆ ನಿಂತುಬಿಡುತ್ತದೆ, ಕೋಡ್ ಎಲ್ಲ ಸರಿಯಾಗೇ ಕಾಣುತ್ತಿರುತ್ತದೆ, ಯಾಕೆ ಅಂತ ತಲೆ ಕೆಡುತ್ತದೆ. ಹನಿಯ ವೈ ಬೆಲೆ (ನಡುವಿನಿಂದ ಎಷ್ಟು ಮೇಲೆ ಅಥವಾ ಕೆಳಗಿದೆ ಅನ್ನೋ ಸಂಖ್ಯೆ) ಮೈನಸ್ 170ಕ್ಕಿಂತ ಕೆಳಗೆ ಹೋದ ಕೂಡಲೇ 'ಡಿಲೀಟ್ ದಿಸ್ ಕ್ಲೋನ್' ಬ್ಲಾಕ್ ಓಡುವಂತೆ ಮಾಡಿ. ಆಮೇಲೆ ಜೂನ್ ತಿಂಗಳ ಮಡಿಕೇರಿಯ ಹಾಗೆ ಸುರಿಯುತ್ತಲೇ ಇರುತ್ತದೆ.

ಏನಾದರೂ ಹೊಸದು ಕೆಲಸ ಮಾಡಿದ ತಕ್ಷಣ ಬೇರೆ ಹೆಸರಲ್ಲಿ ಸೇವ್ ಮಾಡಿ: ಆನೆ 1, ಆನೆ 2, ಆನೆ 3 ಹೀಗೆ. ಹಳೆಯದರ ಮೇಲೆ ಸೇವ್ ಮಾಡಬೇಡಿ. ಕರೆಂಟ್ ಹೋದರೆ ಸೇವ್ ಮಾಡದೇ ಇದ್ದಷ್ಟು ಕೆಲಸ ಹೋಯಿತು ಅಂತಲೇ ಲೆಕ್ಕ. ಪೀರಿಯಡ್ ಕೊನೆಗೆ ನೋಟ್‌ಬುಕ್ಕಿನಲ್ಲಿ ಮೂರೇ ಸಾಲು ಬರೆಯಿರಿ. ಇವತ್ತು ಏನು ನಡೆಯಿತು, ಏನು ಕೈಕೊಟ್ಟಿತು, ಮುಂದಿನ ಸಲ ಮೊದಲು ಏನು ಮಾಡಬೇಕು. ವಾರಕ್ಕೊಂದೇ ಪೀರಿಯಡ್ ಸಿಗೋ ಶಾಲೆಗಳಲ್ಲಂತೂ ಈ ಮೂರನೇ ಸಾಲು ತುಂಬಾ ಮುಖ್ಯ, ಇಲ್ಲದಿದ್ದರೆ ಎಲ್ಲಿ ಬಿಟ್ಟಿದ್ದೆವು ಅಂತ ಹುಡುಕೋದರಲ್ಲೇ ಬೆಲ್ ಹೊಡೆಯುತ್ತದೆ.

ಆಡಿಸೋದನ್ನು ಕೊನೆಯವರೆಗೂ ಮುಂದೂಡಬೇಡಿ. ಬೇರೆ ಸೆಕ್ಷನ್‌ನ ಒಬ್ಬರನ್ನು ಕೂರಿಸಿ, ಯಾವ ಕೀ ಒತ್ತಬೇಕು ಅಂತಲೂ ಹೇಳದೆ ಸುಮ್ನೆ ನೋಡಿ. ಅವರು ತಡವರಿಸಿದ ಜಾಗವೇ ನೀವು ಮುಂದೆ ಸರಿಮಾಡಬೇಕಾದ್ದು. ಟೀಚರಿಗೆ ತೋರಿಸುವಾಗ 'ಆನೆ 1' ತೆರೆದು ಆಡಿಸಿ, ಆಮೇಲೆ ಇತ್ತೀಚಿನದ್ದನ್ನು ಆಡಿಸಿ. ಎರಡರ ಮಧ್ಯೆ ಏನೇನು ಸೇರಿತು ಅಂತ ಅವರೇ ಕೇಳುತ್ತಾರೆ, ಆಗ ನೋಟ್‌ಬುಕ್ ಕೊಡಿ.