ಗದ್ದೆಯ ಕಳೆಬೀಜವನ್ನು ಎಬ್ಬಿಸಿ ಕೊಲ್ಲುವ ಬಗೆ: ನನ್ನ ಅನುಭವ

ಭತ್ತದ ಗದ್ದೆಯಲ್ಲಿ ಕಳೆಬೀಜ ಮೊಳೆಯಲು ನೀರೊಂದೇ ಸಾಲದು. ಕೆಸರಿನಡಿ 10–15 ಸೆಂ.ಮೀ. ಆಳದಲ್ಲಿರುವ ಬೀಜ ನೀರು ಕುಡಿದು ಉಬ್ಬಿರುತ್ತದೆ, ಜೀವವೂ ಇರುತ್ತದೆ, ಆದರೂ ಸುಮ್ಮನಿರುತ್ತದೆ. ಅಲ್ಲಿ ಬೆಳಕಿಲ್ಲ, ಆಮ್ಲಜನಕ ತೀರಾ ಕಡಿಮೆ, ಹಗಲು ರಾತ್ರಿಯ ಉಷ್ಣಾಂಶದಲ್ಲಿ ಏರಿಳಿತವೂ ಅಷ್ಟಿಲ್ಲ. ಹೀಗೇ ವಾರಗಟ್ಟಲೆ ಕಳೆದರೆ, ಮೊಳೆಯಲು ಸಿದ್ಧವಾಗಿದ್ದ ಬೀಜವೂ ಎರಡನೇ ಸಲ ಸುಪ್ತಾವಸ್ಥೆಗೆ ಜಾರುತ್ತದೆ.

ಹಾಗಾಗಿ ಉಳುಮೆಗೆ ಮೊದಲು ಮಣ್ಣಿನಲ್ಲಿ ಏನಿದೆಯೆಂದು ನೋಡಿಕೊಳ್ಳುತ್ತೇನೆ. ಕೊಯ್ಲಾದ ಮೇಲೆ ಗದ್ದೆಯ ಐದಾರು ಕಡೆಯಿಂದ ಮೇಲಿನ 5 ಸೆಂ.ಮೀ. ಮಣ್ಣನ್ನೂ 10–15 ಸೆಂ.ಮೀ. ಆಳದ್ದನ್ನೂ ಬೇರೆ ಬೇರೆ ತೆಗೆದು, ತಟ್ಟೆಗಳಲ್ಲಿ 2 ಸೆಂ.ಮೀ. ದಪ್ಪಕ್ಕೆ ಹರಡಿ ಬೆಳಕಿನಲ್ಲಿಡುತ್ತೇನೆ. ಪ್ರತಿ ಆಳಕ್ಕೂ ಎರಡು ತಟ್ಟೆ: ಒಂದರಲ್ಲಿ ಬರೀ ತೇವ, ಇನ್ನೊಂದರಲ್ಲಿ ಬೆರಳಗಲ ನಿಂತ ನೀರು. ಎದ್ದ ಸಸಿಗಳನ್ನು ಎಣಿಸಿ ಕಿತ್ತು, ಮೂರು ವಾರದ ನಂತರ ಮಣ್ಣನ್ನು ಪೂರ್ತಿ ಒಣಗಿಸಿ, ಪುಡಿ ಮಾಡಿ, ಮತ್ತೆ ನೆನೆಸಬೇಕು. ಈ ಎರಡನೇ ಸುತ್ತನ್ನು ಬಿಡಲೇಬಾರದು. ಮೊದಲ ಸಲ ಮಲಗಿದ್ದ ಎಷ್ಟೋ ಬೀಜಗಳು ಒಣಗಿ ನೆನೆದ ಮೇಲೇ ಏಳುತ್ತವೆ.

ನಿಂತ ನೀರಿನ ತಟ್ಟೆ ಏಕೆಂದರೆ, ಎಲ್ಲ ಕಳೆಯ ಸ್ವಭಾವ ಒಂದೇ ಅಲ್ಲ. ಭತ್ತದಂತೆಯೇ ಕಾಣುವ ಎಕೈನೋಕ್ಲೋವ ಹುಲ್ಲು ಹದವಿದ್ದು ಗಾಳಿಯಾಡುವ ಮಣ್ಣಿನಲ್ಲಿ ಚೆನ್ನಾಗಿ ಏಳುತ್ತದೆ. ನೀಲಿ ಹೂವಿನ ಮೊನೊಕೋರಿಯಾಕ್ಕೆ ಆಮ್ಲಜನಕ ಕಡಿಮೆಯಿರುವ ಕೆಸರೇ ಬೇಕು, ಜೊತೆಗೆ ಬೆಳಕು.

ಗದ್ದೆಯಲ್ಲಿ ನಾಟಿಗೆ ಸುಮಾರು ಒಂದು ತಿಂಗಳು ಮೊದಲು ಉಳುತ್ತೇನೆ. ತಟ್ಟೆಗಳಲ್ಲಿ ಹುಲ್ಲು ಜಾಸ್ತಿ ಎದ್ದಿದ್ದರೆ ನೀರು ಹಾಯಿಸಿ, ಬಸಿದು, ಹದ ಉಳಿಸಿಕೊಳ್ಳುತ್ತೇನೆ. ಮೊನೊಕೋರಿಯಾ ಹೆಚ್ಚಿದ್ದರೆ ಕೆಸರು ಮಾಡಿ ತೆಳ್ಳಗೆ ನೀರು ನಿಲ್ಲಿಸುತ್ತೇನೆ. ಎರಡು ವಾರದೊಳಗೆ ಕಳೆ ಎರಡು ಮೂರು ಎಲೆ ಬಿಡುತ್ತದೆ. ಆಗ ಮೇಲಿನ 3–5 ಸೆಂ.ಮೀ. ಮಾತ್ರ ಕದಡಿ ಮುಳುಗಿಸಬೇಕು. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ: ರೋಟವೇಟರನ್ನು ಆಳಕ್ಕೆ ಇಳಿಸಿದರೆ ಕೆಳಗೆ ಮಲಗಿದ್ದ ಬೀಜಗಳೆಲ್ಲ ಮೇಲೆ ಬರುತ್ತವೆ. ಸಣ್ಣ ಬೀಜಕ್ಕೆ ಕ್ಷಣಕಾಲದ ಬೆಳಕು ತಗುಲಿದರೂ ಅದರೊಳಗಿನ ಫೈಟೋಕ್ರೋಮ್ (ಬೆಳಕನ್ನು ಗುರುತಿಸುವ ವರ್ಣದ್ರವ್ಯ) ಬದಲಾಗಿ ಮೊಳಕೆಗೆ ದಾರಿ ಬಿಡುತ್ತದೆ. ಪಟ್ಟ ಶ್ರಮವೆಲ್ಲ ನೀರುಪಾಲು.

ನಾಟಿ ಮಾಡಿ ಸಸಿ ಬೇರು ಹಿಡಿದ ಮೇಲೆ 5 ಸೆಂ.ಮೀ. ನೀರು ಕಟ್ಟಿ, ಮೊದಲ ಮೂರು ವಾರ ಕಡಿಯದಂತೆ ನೋಡಿಕೊಳ್ಳುತ್ತೇನೆ. ನಡುವೆ ನೀರು ಆರಿದರೆ ಮಣ್ಣಿಗೆ ಗಾಳಿಯಾಡಿ, ಹಗಲಿನ ಕಾವೂ ಏರಿ, ಹುಲ್ಲಿನ ಬೀಜ ಎದ್ದುಬಿಡುತ್ತದೆ. ಗದ್ದೆ ಸಮತಟ್ಟಾಗಿಲ್ಲದಿದ್ದರೆ ದಿಬ್ಬದ ಮೇಲೇ ಮೊದಲು ಕಳೆ ಕಾಣುವುದೂ ಇದರಿಂದಲೇ.